ಒಂದೇ ಕೋಶದಿಂದ ಗೊದಮೊಟ್ಟೆ: ತಲೆ ಎಲ್ಲಿ, ಬಾಲ ಎಲ್ಲಿ ಅಂತ ಮೊಟ್ಟೆಗೆ ಹೇಗೆ ಗೊತ್ತಾಗುತ್ತದೆ?

ತೋಟದಮನೆ · ಭಾನುವಾರ, ಮಧ್ಯಾಹ್ನ 3:10

ಎಲ್ಲರಿಗೂ ನಮಸ್ಕಾರ. ನಮ್ಮದು ಸಿರ್ಸಿ ಕಡೆ ಅಡಿಕೆ ತೋಟ. ನಿನ್ನೆ ರಾತ್ರಿ ಈ ವರ್ಷದ ಮೊದಲ ಜೋರು ಮಳೆ. ಕೊಟ್ಟಿಗೆ ಹಿಂದಿನ ಕಲ್ಲಿನ ತೊಟ್ಟಿ ತುಂಬಿತು. ರಾತ್ರಿಯಿಡೀ ನೆಲಗಪ್ಪೆಗಳ ಕೂಗು. ಬೆಳಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಹೋದರೆ ಒಂದು ಜೋಡಿ ಇನ್ನೂ ಮೊಟ್ಟೆ ಇಡುತ್ತಿತ್ತು. ಲೋಳೆಯ ಎರಡು ಉದ್ದ ದಾರ, ಒಳಗೆ ಸಾಲಾಗಿ ಕಪ್ಪು ಚುಕ್ಕೆ. ಕರಿಮಣಿ ಸರವನ್ನು ನೀರಲ್ಲಿ ಬಿಟ್ಟ ಹಾಗಿತ್ತು.

ಮಗಳು ಎಂಟನೇ ತರಗತಿ. ಅವಳ ಹತ್ತಿರ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಇದೆ. ಒಂದು ಗೇಣು ದಾರವನ್ನು ತೊಟ್ಟಿಯ ನೀರಿನ ಜೊತೆಗೇ ಬಿಳಿ ಬಟ್ಟಲಿಗೆ ಹಾಕಿಕೊಂಡು ಕೂತೆವು. ಎಂಟು ಗಂಟೆ ಸುಮಾರಿಗೆ ಒಂದು ಚುಕ್ಕೆಯ ನೆತ್ತಿಯ ಮೇಲೆ ಸಣ್ಣ ಗೀರು ಬಿತ್ತು. ನೋಡನೋಡುತ್ತಲೇ ಅದು ಕೆಳಗಿಳಿಯಿತು. ಆಮೇಲೆ ಅದಕ್ಕೆ ಅಡ್ಡವಾಗಿ ಇನ್ನೊಂದು. ಊಟದ ಹೊತ್ತಿಗೆ ನಮ್ಮ ಲೆಕ್ಕ ತಪ್ಪಿಹೋಗಿತ್ತು.

ಮಗಳು ಕೇಳಿದಳು: "ಅಪ್ಪಾ, ಇದರಲ್ಲಿ ತಲೆ ಯಾವ ಕಡೆ?" ನನಗೆ ಉತ್ತರ ಗೊತ್ತಿರಲಿಲ್ಲ. ಪಿಯುಸಿಯಲ್ಲಿ ಬ್ಲಾಸ್ಟುಲಾ, ಗ್ಯಾಸ್ಟ್ರುಲಾ, ನ್ಯೂರುಲಾ ಅಂತ ಭ್ರೂಣದ ಹಂತಗಳ ಚಿತ್ರ ಬರೆದು ಅಂಕ ತೆಗೆದುಕೊಂಡವನು ನಾನು. ಆದರೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ದುಂಡಗಿನ ಒಂದು ಚುಕ್ಕೆಗೆ ಹಿಂದೆ ಮುಂದೆ, ಬೆನ್ನು ಹೊಟ್ಟೆ ಎಲ್ಲಿಂದ ಬರುತ್ತದೆ? ತಿಳಿದವರು ಹೇಳಿ.

ಬಯಾಲಜಿ ಮೇಷ್ಟ್ರು · ಭಾನುವಾರ, ಮಧ್ಯಾಹ್ನ 3:55

ಮಗಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಎಷ್ಟೋ ಜನ ಇದೊಂದನ್ನೇ ಹಿಡಿದು ಕೂತಿದ್ದರು.

ಮೊದಲು ಒಂದು ಕೆಲಸ ಮಾಡಿ. ಮೊಟ್ಟೆಗಳನ್ನು ಬದಿಯಿಂದ ನೋಡಿ. ಅವು ಪೂರ್ತಿ ಕಪ್ಪಲ್ಲ. ಮೇಲ್ಭಾಗ ಕಡುಕಪ್ಪು, ತಳ ಮಾಸಲು. ತಳದಲ್ಲಿ ಜಾಸ್ತಿ ಇರುವುದು ಯೋಕ್. ಮರಿ ತಾನೇ ಬಾಯಿ ಬಿಟ್ಟು ತಿನ್ನುವವರೆಗೆ ಬೇಕಾದ ಆಹಾರ ಅದು. ಅದಕ್ಕೆ ತೂಕ ಜಾಸ್ತಿ. ವೀರ್ಯಾಣು ಸೇರಿದ ಕೂಡಲೇ ಮೊಟ್ಟೆಯನ್ನು ಬಿಗಿಯಾಗಿ ಸುತ್ತಿದ್ದ ಪೊರೆ ಸ್ವಲ್ಪ ಸಡಿಲವಾಗುತ್ತದೆ. ಆಗ ಮೊಟ್ಟೆ ಅದರೊಳಗೇ ಉರುಳಿ, ಭಾರದ ಕಡೆ ಕೆಳಗೆ, ಕಪ್ಪು ಕಡೆ ಮೇಲೆ ಬಂದು ನಿಲ್ಲುತ್ತದೆ. ನಿಮ್ಮ ದಾರದಲ್ಲಿ ಅಡ್ಡಾದಿಡ್ಡಿ ನಿಂತು, ಗೀರೂ ಬೀಳದ ಮೊಟ್ಟೆ ಇದ್ದರೆ ಅದಕ್ಕೆ ವೀರ್ಯಾಣು ಸೇರಿಲ್ಲ ಅಂತ ಲೆಕ್ಕ.

ಅಂದರೆ ಕಪ್ಪು ತುದಿ, ಯೋಕ್ ತುದಿ ಅನ್ನುವುದು ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾಗಿರುತ್ತದೆ. ತಲೆ ಬರುವುದು ಹೆಚ್ಚುಕಡಿಮೆ ಕಪ್ಪು ತುದಿಯ ಕಡೆಗೆ. ಬೆನ್ನು ಯಾವ ಕಡೆ ಅನ್ನುವುದು ಮಾತ್ರ ಇನ್ನೂ ಬಾಕಿ. ಅದನ್ನು ತೀರ್ಮಾನಿಸುವುದು ವೀರ್ಯಾಣು ಹೊಕ್ಕ ಜಾಗ! ಕಪ್ಪು ಅರ್ಧದಲ್ಲಿ ಅದು ಯಾವ ಬದಿಯಿಂದ ಹೊಕ್ಕಿತೋ ಆ ಬದಿ ಹೊಟ್ಟೆ. ಎದುರು ಬದಿ ಬೆನ್ನು.

ಹೇಗೆ ಅಂದರೆ, ಮೊದಲ ಗೀರು ಬೀಳುವ ಮುಂಚೆಯೇ ಮೊಟ್ಟೆಯ ಹೊರಪದರ ಒಳಗಿನ ತಿರುಳಿನ ಮೇಲೆ ಸುಮಾರು 30 ಡಿಗ್ರಿ ಜಾರುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ ಇರುತ್ತದಲ್ಲ? ತಿರುಳನ್ನು ಹಾಗೇ ಬಿಟ್ಟು ಸಿಪ್ಪೆಯನ್ನಷ್ಟೇ ಒಂಚೂರು ತಿರುಗಿಸಿದಂತೆ. ಈ ಜಾರುವಿಕೆಯ ಜೊತೆಗೆ ತಳದಲ್ಲಿದ್ದ ಕೆಲವು ಪ್ರೋಟೀನುಗಳು ಒಂದು ಬದಿಗೆ ಸಾಗುತ್ತವೆ. ಅವು ತಲುಪಿದ ಬದಿಯೇ ಬೆನ್ನು. ಕೆಲವು ಜಾತಿಯ ಕಪ್ಪೆಗಳಲ್ಲಿ ಆ ಜಾಗದಲ್ಲಿ ಬೂದುಬಣ್ಣದ ಅರ್ಧಚಂದ್ರ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಬೂದು ಚಂದ್ರ ಅಂತಲೇ ಹೆಸರು.

ನೀವು ಎಂಟು ಗಂಟೆಗೆ ಗೀರು ನೋಡುವ ಹೊತ್ತಿಗೆ ಇದೆಲ್ಲ ಮುಗಿದುಹೋಗಿತ್ತು.

ಲ್ಯಾಬ್ ಕೋಟು · ಭಾನುವಾರ, ಸಂಜೆ 4:20

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಕೆಲವು ವರ್ಷ ಜೆನೊಪಸ್ ಅನ್ನುವ ಆಫ್ರಿಕಾದ ಕಪ್ಪೆಯ ಮೊಟ್ಟೆಗಳ ಜೊತೆ ಕೆಲಸ ಮಾಡಿದ್ದೇನೆ. ಆ ಹೊರಪದರ ಜಾರುವುದನ್ನು ಅಲ್ಟ್ರಾವಯೊಲೆಟ್ ಬೆಳಕಿನಿಂದ ತಡೆಯಬಹುದು. ತಡೆದರೆ ತಲೆಯೂ ಇಲ್ಲ, ಬೆನ್ನೂ ಇಲ್ಲ, ಬರೀ ಹೊಟ್ಟೆಯ ಒಂದು ಉಂಡೆ ಉಳಿಯುತ್ತದೆ. ಅದೇ ಮೊಟ್ಟೆಯನ್ನು ಹೊತ್ತಿಗೆ ಸರಿಯಾಗಿ ಸುಮ್ನೆ ಪಕ್ಕಕ್ಕೆ ವಾಲಿಸಿ ಹಿಡಿದರೆ? ಭಾರದ ಯೋಕ್ ಒಳಗೇ ಜಾರುತ್ತದೆ. ಅಷ್ಟಕ್ಕೇ ಬೆನ್ನು ಬರುತ್ತದೆ, ತಲೆ ಬರುತ್ತದೆ. ಮೊದಲ ಸಲ ಅಂಥ ಮರಿ ಈಜುವುದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ನಿಮ್ಮ ಲೆಕ್ಕ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಜೆನೊಪಸ್‌ನಲ್ಲಿ ಮೊದಲ ವಿಭಜನೆಗೆ, ಅಂದರೆ ನೀವು ನೋಡಿದಂಥ ಮೊದಲ ಗೀರಿಗೆ, ಸುಮಾರು 90 ನಿಮಿಷ ಬೇಕು. ಆಮೇಲಿನವು ಅರ್ಧ ಗಂಟೆಗೊಂದು. ಎರಡು, ನಾಲ್ಕು, ಎಂಟು, ಹದಿನಾರು. ಹನ್ನೆರಡು ಸಲ ಒಡೆದರೆ 4,096. ಗಮನಿಸಬೇಕಾದ್ದು, ಇಷ್ಟಾದರೂ ಮೊಟ್ಟೆ ಒಂದಿಷ್ಟೂ ಬೆಳೆದಿರುವುದಿಲ್ಲ. ಅದೇ ಗಾತ್ರ, ಸುಮಾರು ಒಂದೂಕಾಲು ಮಿಲಿಮೀಟರ್. ಕೋಶಗಳು ಮಾತ್ರ ಚಿಕ್ಕದಾಗುತ್ತಾ ಹೋಗುತ್ತವೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಈ ಹನ್ನೆರಡು ವಿಭಜನೆಯವರೆಗೆ ಮರಿಯ ಸ್ವಂತ ಜೀನುಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಅಲ್ಲಿಯವರೆಗೆ ನಡೆಯುವುದೆಲ್ಲ ತಾಯಿ ಮೊಟ್ಟೆಯೊಳಗೆ ಇಟ್ಟು ಕಳಿಸಿದ ಆರ್‌ಎನ್‌ಎ, ಪ್ರೋಟೀನುಗಳಿಂದ. ಅಮ್ಮ ಕಟ್ಟಿಕೊಟ್ಟ ಬುತ್ತಿ. ಸುಮಾರು ಏಳನೇ ಗಂಟೆಗೆ ಮರಿಯ ಜೀನುಗಳು ಏಳುತ್ತವೆ, ವಿಭಜನೆಯ ವೇಗ ಇಳಿಯುತ್ತದೆ, ಕೋಶಗಳು ಓಡಾಡಲು ಶುರುಮಾಡುತ್ತವೆ. ನಿಮ್ಮ ನೆಲಗಪ್ಪೆಯ ಗಡಿಯಾರ ಸ್ವಲ್ಪ ಹಿಂದೆ ಮುಂದೆ ಇರಬಹುದು. ನೀರು ತಣ್ಣಗಿದ್ದಷ್ಟೂ ನಿಧಾನ.

ಕೆರೆಏರಿ · ಭಾನುವಾರ, ಸಂಜೆ 4:45

ಒಂದು ಎಚ್ಚರಿಕೆ. ನೆಲಗಪ್ಪೆಯ ಮೊಟ್ಟೆಯಲ್ಲೂ ವಿಷದ ಅಂಶ ಇರುತ್ತದೆ. ಮುಟ್ಟಿದ ಮೇಲೆ ಮಗಳು ಸೋಪಿನಲ್ಲಿ ಕೈ ತೊಳೆಯಲಿ. ಬಟ್ಟಲಿಗೆ ನಲ್ಲಿ ನೀರು ಬೇಡ, ತೊಟ್ಟಿಯದ್ದೇ ಇರಲಿ. ಬಿಸಿಲಿಗೂ ಇಡಬೇಡಿ. ನೋಡಿ ಆದ ಮೇಲೆ ಅಲ್ಲಿಗೇ ಬಿಡಿ.

ಬಯಾಲಜಿ ಮೇಷ್ಟ್ರು · ಭಾನುವಾರ, ಸಂಜೆ 6:05

ತೋಟದಮನೆಯವರೇ, ಇವತ್ತು ರಾತ್ರಿ ಮಲಗಬೇಡಿ ಅಂತ ಹೇಳುವ ಆಸೆ ನನಗೆ. ಮುಖ್ಯವಾದದ್ದು ಈಗ ಶುರುವಾಗುತ್ತದೆ. ಒಂದು ತುಂಡು ದಾರವನ್ನು ಗಾಜಿನ ಲೋಟಕ್ಕೆ ಹಾಕಿ, ಲೋಟವನ್ನು ಎತ್ತಿ ಕೆಳಗಿನಿಂದ ನೋಡಿ. ಮಾಸಲು ಭಾಗದ ಅಂಚಿನಲ್ಲಿ ಉಗುರಿನ ಗುರುತಿನಂಥ ಸಣ್ಣ ಬಾಗು ಗೆರೆ ಬರುತ್ತದೆ. ಬೂದು ಚಂದ್ರ ಇದ್ದ ಬದಿಯಲ್ಲೇ ಬರುತ್ತದೆ. ಅಲ್ಲಿಂದ ಹೊರಗಿನ ಕೋಶಗಳು ಒಳಕ್ಕೆ ಮಡಚಿಕೊಂಡು ಹೋಗುತ್ತವೆ. ಇದೇ ಗ್ಯಾಸ್ಟ್ರುಲಾ ಹಂತ.

ಹೋಳಿಗೆ ಮಾಡುವುದನ್ನು ನೆನಪು ಮಾಡಿಕೊಳ್ಳಿ. ಹೂರಣದ ಉಂಡೆಯ ಮೇಲೆ ಕಣಕವನ್ನು ಎಳೆದು ಎಳೆದು ಮುಚ್ಚುತ್ತಾರೆ. ಕೊನೆಗೆ ಒಂದು ಕಡೆ ಸಣ್ಣ ಬಾಯಿ ಉಳಿಯುತ್ತದೆ, ಅದರಲ್ಲಿ ಹೂರಣ ಚೂರು ಇಣುಕುತ್ತದೆ. ಇಲ್ಲೂ ಕಪ್ಪು ಕೋಶಗಳ ಹಾಳೆ ಹರಡಿಕೊಂಡು ಯೋಕ್ ಕೋಶಗಳನ್ನು ಮುಚ್ಚುತ್ತದೆ. ಬಾಗು ಗೆರೆ ಎರಡೂ ಕಡೆ ಬೆಳೆದು ಪೂರ್ತಿ ಉಂಗುರವಾಗುತ್ತದೆ. ಮಧ್ಯದಲ್ಲಿ ಯೋಕಿನ ಬಿಳಿ ಬೊಟ್ಟು ಕಾಣುತ್ತದೆ. ಹೋಳಿಗೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇಲ್ಲಿ ಅಂಚಿನ ಕಣಕ ಸುಮ್ಮನೆ ಮುಚ್ಚುವುದಿಲ್ಲ, ಸುರುಳಿ ಸುತ್ತಿಕೊಂಡು ಒಳಗೂ ಹೋಗುತ್ತದೆ.

ಇದು ಮುಗಿದಾಗ ಮೂರು ಪದರ ಸಿದ್ಧ. ಹೊರಗಿನದು ಚರ್ಮ ಮತ್ತು ನರಮಂಡಲ ಆಗುತ್ತದೆ. ನಡುವಿನದು ಸ್ನಾಯು, ಮೂಳೆ, ಹೃದಯ, ರಕ್ತ. ಒಳಗಿನದು ಕರುಳು, ಶ್ವಾಸಕೋಶ, ಪಿತ್ತಜನಕಾಂಗ. ಆ ಉಂಗುರದ ಜಾಗದಲ್ಲಿ ಮುಂದೆ ಗುದದ್ವಾರ ಬರುತ್ತದೆ. ಬಾಯಿ ಎದುರು ತುದಿಯಲ್ಲಿ ಆಮೇಲೆ ತೆರೆಯುತ್ತದೆ.

ಸರಳರೇಖೆ · ಭಾನುವಾರ, ಸಂಜೆ 6:40

ಇಷ್ಟೆಲ್ಲ ಯಾಕೆ ಸುತ್ತುಬಳಸು? ಎಲ್ಲವೂ ಡಿಎನ್‌ಎಯಲ್ಲಿ ಬರೆದಿರುತ್ತದೆ. ಕೋಶಗಳು ಅದನ್ನು ಓದಿಕೊಂಡು ಕೆಲಸ ಮಾಡುತ್ತವೆ. ಅಷ್ಟೇ ಅಲ್ವಾ?

ಲ್ಯಾಬ್ ಕೋಟು · ಭಾನುವಾರ, ರಾತ್ರಿ 7:15

ಅಷ್ಟೇ ಅಲ್ಲ. ಅಡಚಣೆ ಇರುವುದೇ ಅಲ್ಲಿ. ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಇದ್ದರೆ ಒಂದು ಕರುಳಾಗಿ ಇನ್ನೊಂದು ಕಣ್ಣಾಗುವುದು ಯಾಕೆ? ಹಿಂದೆ ಕೆಲವರು, ಕರುಳಿನ ಕೋಶ ತನಗೆ ಬೇಡದ ಜೀನುಗಳನ್ನು ಕಳೆದುಕೊಂಡಿರಬೇಕು ಅಂದುಕೊಂಡಿದ್ದರು. 1952ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಬ್ರಿಗ್ಸ್ ಮತ್ತು ಥಾಮಸ್ ಕಿಂಗ್ ಎಳೆಯ ಭ್ರೂಣದ ಕೋಶಕೇಂದ್ರವನ್ನು (ಕೋಶದೊಳಗೆ ಜೀನುಗಳಿರುವ ಭಾಗ) ಖಾಲಿ ಮಾಡಿದ ಕಪ್ಪೆ ಮೊಟ್ಟೆಗೆ ಹಾಕಿ ಗೊದಮೊಟ್ಟೆ ಪಡೆದರು. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗರ್ಡನ್ ಇನ್ನೂ ಮುಂದೆ ಹೋದರು. ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನೇ ಮೊಟ್ಟೆಗೆ ಸೇರಿಸಿದರು. ಬಹುಪಾಲು ಸತ್ತವು. ಆದರೆ ಕೆಲವು ಪೂರ್ತಿ ಕಪ್ಪೆಯಾದವು. ಕರುಳಿನ ಕೋಶದಲ್ಲೂ ಇಡೀ ಕಪ್ಪೆಯ ಜೀನುಗಳು ಹಾಗೇ ಇದ್ದವು ಅಂತ ಅದರಿಂದ ಗೊತ್ತಾಯಿತು. 2012ರಲ್ಲಿ ಶಿನ್ಯಾ ಯಮನಾಕಾ ಜೊತೆ ಅವರಿಗೆ ನೊಬೆಲ್ ಬಂತು.

ಜೀನುಗಳು ಎಲ್ಲರ ಮನೆಯಲ್ಲೂ ಇರುವ ಒಂದೇ ಪಂಚಾಂಗದ ಹಾಗೆ. ಇವತ್ತು ಯಾವ ಪುಟ ತೆರೆಯಬೇಕು ಅನ್ನುವುದು ಬೇರೆ ಕಡೆಯಿಂದ ಗೊತ್ತಾಗಬೇಕು. ಕಪ್ಪೆಯ ಕೋಶಕ್ಕೆ ಅದು ಗೊತ್ತಾಗುವುದು ಎರಡು ದಾರಿಯಲ್ಲಿ. ತನ್ನ ಪಾಲಿಗೆ ಮೊಟ್ಟೆಯ ಯಾವ ಭಾಗದ ಬುತ್ತಿ ಬಂತು, ಮತ್ತು ಪಕ್ಕದ ಕೋಶ ಏನು ಹೇಳುತ್ತಿದೆ.

ಹಳೆ ನೋಟ್‌ಬುಕ್ · ಭಾನುವಾರ, ರಾತ್ರಿ 7:50

ನನಗೊಂದು ಅನುಮಾನ. ಎರಡು ಕೋಶ ಇದ್ದಾಗ ಒಂದನ್ನು ಕೊಂದರೆ ಅರ್ಧ ಮರಿ ಬರುತ್ತದೆ ಅಂತ ಡಿಗ್ರಿಯಲ್ಲಿ ಓದಿದ ನೆನಪು. ಹಾಗಿದ್ದರೆ ಪ್ರತಿ ಕೋಶಕ್ಕೂ ತನ್ನ ಭಾಗ ಮೊದಲೇ ಗೊತ್ತಿರುತ್ತದೆ ಅಂತ ಆಗುವುದಿಲ್ಲವೇ? ಇನ್ನೊಂದು ಕೇಳಿಬಿಡುತ್ತೇನೆ. ಮನುಷ್ಯನ ಭ್ರೂಣ ಮೊದಲು ಮೀನಾಗಿ, ಆಮೇಲೆ ಕಪ್ಪೆಯಾಗಿ, ಆಮೇಲೆ ಮನುಷ್ಯ ಆಗುತ್ತದೆ ಅನ್ನುವುದು ನಿಜವೇ?

ಬಯಾಲಜಿ ಮೇಷ್ಟ್ರು · ಭಾನುವಾರ, ರಾತ್ರಿ 8:30

ಎರಡನೆಯದು ನಿಜ ಅಲ್ಲ. ಬೆನ್ನುಮೂಳೆ ಇರುವ ಪ್ರಾಣಿಗಳ ಎಳೆಯ ಭ್ರೂಣಗಳು ಒಂದಕ್ಕೊಂದು ಹೋಲುತ್ತವೆ, ಬೆಳೆಯುತ್ತಾ ಬೇರೆಬೇರೆ ಆಗುತ್ತವೆ. 1828ರಲ್ಲೇ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಇದನ್ನು ಸರಿಯಾಗಿ ಹೇಳಿದ್ದರು. ನಮ್ಮ ಭ್ರೂಣ ಯಾವ ದಿನವೂ ಬೆಳೆದ ಮೀನೋ ಕಪ್ಪೆಯೋ ಆಗಿರುವುದಿಲ್ಲ.

ಮೊದಲನೆಯದಕ್ಕೆ ಬರೋಣ. ನೀವು ಓದಿದ್ದು 1888ರ ವಿಲ್‌ಹೆಲ್ಮ್ ರೂ ಅವರ ಪ್ರಯೋಗ. ಕಾದ ಸೂಜಿಯಿಂದ ಒಂದು ಕೋಶವನ್ನು ಚುಚ್ಚಿದರು, ಅರ್ಧ ಭ್ರೂಣ ಬಂತು. ಆದರೆ ಸತ್ತ ಅರ್ಧ ಅಲ್ಲೇ ಅಂಟಿಕೊಂಡಿತ್ತು. 1910ರಲ್ಲಿ ಮೆಕ್ಲೆಂಡನ್ ಒಂದು ಕೋಶವನ್ನು ಪೂರ್ತಿ ತೆಗೆದೇಬಿಟ್ಟರು. ಆಗ ಉಳಿದ ಅರ್ಧದಿಂದ ಇಡೀ ಭ್ರೂಣ ಬಂತು. ಪಕ್ಕದ ಮನೆ ಖಾಲಿ ಅಂತ ಉಳಿದ ಕೋಶಕ್ಕೆ ಗೊತ್ತಾಗಿರಬೇಕು.

ಜರ್ಮನಿಯ ಹಾನ್ಸ್ ಸ್ಪೇಮನ್ ಇದನ್ನು ನ್ಯೂಟ್ ಅನ್ನುವ ಬಾಲ ಇರುವ ಉಭಯವಾಸಿಯ ಮೊಟ್ಟೆಯಲ್ಲಿ ಮಾಡಿ ನೋಡಿದರು. ಸಲಕರಣೆ ಏನು ಗೊತ್ತೇ? ಹಸುಗೂಸಿನ ತಲೆಕೂದಲು. ಅಷ್ಟು ಮೆತ್ತಗಿನ ದಾರ ಬೇರೆ ಇಲ್ಲ. ಆ ಕೂದಲಿನ ಕುಣಿಕೆ ಹಾಕಿ ಮೊಟ್ಟೆಯನ್ನು ಎರಡು ಮಾಡಿದರು. ಬೂದು ಚಂದ್ರ ಎರಡೂ ಅರ್ಧಕ್ಕೆ ಹಂಚಿಹೋದರೆ ಎರಡು ಪೂರ್ತಿ ಮರಿ. ಒಂದೇ ಕಡೆ ಉಳಿದರೆ ಒಂದು ಮರಿ, ಇನ್ನೊಂದು ಆಕಾರವಿಲ್ಲದ ಹೊಟ್ಟೆಯ ತುಂಡು.

ನೀಲಿಶಾಯಿ · ಭಾನುವಾರ, ರಾತ್ರಿ 9:20

ಸ್ಪೇಮನ್ ಹೆಸರು ಬಂದ ಮೇಲೆ ಹಿಲ್ಡೆ ಮ್ಯಾಂಗೋಲ್ಡ್ ಹೆಸರು ಹೇಳದೆ ಮುಂದೆ ಹೋಗಬಾರದು. ಹಿಲ್ಡೆ ಹುಟ್ಟಿದ್ದು 1898ರಲ್ಲಿ. ಫ್ರೈಬುರ್ಗ್‌ನಲ್ಲಿ ಸ್ಪೇಮನ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದರು. ಕೆಲಸ ಹೀಗಿತ್ತು. ಮೇಷ್ಟ್ರು ಹೇಳಿದ ಬಾಗು ಗೆರೆಯ ಮೇಲ್ತುಟಿಯನ್ನು, ಅಂದರೆ ಕೋಶಗಳು ಮೊದಲು ಒಳಹೋಗುವ ಜಾಗವನ್ನು, ಬಿಳಿಚು ಬಣ್ಣದ ಒಂದು ನ್ಯೂಟ್ ಜಾತಿಯ ಭ್ರೂಣದಿಂದ ಕತ್ತರಿಸಬೇಕು. ಕಪ್ಪು ಬಣ್ಣದ ಇನ್ನೊಂದು ಜಾತಿಯ ಭ್ರೂಣದ ಹೊಟ್ಟೆ ಬದಿಗೆ ಅದನ್ನು ಕಸಿ ಕಟ್ಟಬೇಕು. ಭ್ರೂಣ ಸಾಸಿವೆ ಕಾಳಿನಷ್ಟು. ಕೈಯಲ್ಲಿ ಗಾಜಿನ ಸೂಜಿ. ಆಂಟಿಬಯಾಟಿಕ್ ಇಲ್ಲದ ಕಾಲ, ಕಸಿ ಮಾಡಿದ್ದರಲ್ಲಿ ಬಹುಪಾಲು ಸಾಯುತ್ತಿದ್ದವು.

ಉಳಿದ ಬೆರಳೆಣಿಕೆಯ ಭ್ರೂಣಗಳಲ್ಲಿ ಕಂಡದ್ದು ಏನು? ಹೊಟ್ಟೆಯ ಮೇಲೆ ಎರಡನೇ ಮರಿ! ಇನ್ನೊಂದು ಬೆನ್ನು, ಮುಂದೆ ಮಿದುಳು, ಬೆನ್ನುಹುರಿ ಆಗುವ ಇನ್ನೊಂದು ನರಕೊಳವೆ. ಎರಡು ಬಣ್ಣದ ಜಾತಿ ಯಾಕೆ ಬೇಕಿತ್ತು ಅನ್ನುವುದು ಈಗ ಗೊತ್ತಾಗುತ್ತದೆ. ಎರಡನೇ ಮರಿಯ ನರಕೊಳವೆಯ ಕೋಶಗಳು ಬಹುತೇಕ ಕಪ್ಪು ಬಣ್ಣದವು. ಕಸಿ ಮಾಡಿದ ತುಂಡಿನಿಂದ ಬಂದವಲ್ಲ. ಹೊಟ್ಟೆಯ ಚರ್ಮ ಆಗಬೇಕಿದ್ದ ಕೋಶಗಳನ್ನು ಆ ಚಿಕ್ಕ ತುಂಡು ನರವಾಗಿಸಿತ್ತು. ಆ ಜಾಗಕ್ಕೆ ಆರ್ಗನೈಸರ್ ಅಂತ ಹೆಸರಿಟ್ಟರು.

ಪ್ರಬಂಧ ಬಂದದ್ದು 1924ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮನೆಯ ಗ್ಯಾಸ್ ಹೀಟರ್ ಸ್ಫೋಟಗೊಂಡು ಹಿಲ್ಡೆ ಸುಟ್ಟಗಾಯದಿಂದ ತೀರಿಕೊಂಡರು. ವಯಸ್ಸು 25. ಕೈಯಲ್ಲಿ ಎಳೆ ಮಗುವಿತ್ತು. 1935ರ ನೊಬೆಲ್ ಸ್ಪೇಮನ್ ಒಬ್ಬರಿಗೇ ಹೋಯಿತು. ತೀರಿಹೋದವರಿಗೆ ಕೊಡುವ ಪದ್ಧತಿ ಇಲ್ಲ ಅನ್ನುವುದು ಸರಿ. ಆದರೆ ನಮ್ಮ ಕ್ಲಾಸುಗಳಲ್ಲಿ ಹಿಲ್ಡೆಯ ಹೆಸರು ಬಿಟ್ಟು ಪಾಠ ಮಾಡುವುದಕ್ಕೆ ಅದು ಕಾರಣ ಆಗಬಾರದು. ನನಗೆ ಎಂಎಸ್ಸಿ ಮುಗಿಯುವವರೆಗೂ ಇದನ್ನು ಯಾರೂ ಹೇಳಿರಲಿಲ್ಲ. ಆ ಬೇಜಾರು ಇನ್ನೂ ಇದೆ.

ಲ್ಯಾಬ್ ಕೋಟು · ಭಾನುವಾರ, ರಾತ್ರಿ 9:55

ನೀಲಿಶಾಯಿಯವರೇ, ನೂರಕ್ಕೆ ನೂರು ಒಪ್ಪುತ್ತೇನೆ. ಆ ತುಂಡು ಪಕ್ಕದವರಿಗೆ ಏನು ಹೇಳುತ್ತದೆ ಅಂತ ಗೊತ್ತಾಗಲು ಮತ್ತೆ ಸುಮಾರು 70 ವರ್ಷ ಬೇಕಾಯಿತು. ಎಲ್ಲರೂ ಅಂದುಕೊಂಡಿದ್ದು, ಅದು "ನರವಾಗು" ಅಂತ ಹೇಳುತ್ತದೆ ಅಂತ. ಆದದ್ದು ಬೇರೆ. ಭ್ರೂಣದ ಸುತ್ತ ಬಿಎಂಪಿ ಅನ್ನುವ ಪ್ರೋಟೀನ್ "ಚರ್ಮವಾಗು" ಅಂತ ಹೇಳುತ್ತಲೇ ಇರುತ್ತದೆ. ಆರ್ಗನೈಸರ್ ಬಿಡುವ ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಬಿಎಂಪಿಯನ್ನು ಹಿಡಿದು ಅದರ ಬಾಯಿ ಮುಚ್ಚಿಸುತ್ತವೆ. ಆ ಮಾತು ಕೇಳಿಸದ ಕೋಶಗಳು ನರವಾಗುತ್ತವೆ. ನಾಗಿನ್ ಸಿಕ್ಕಿದ್ದು 1992ರಲ್ಲಿ, ಕಾರ್ಡಿನ್ 1994ರಲ್ಲಿ. ಎರಡೂ ಸಿಕ್ಕಿದ್ದು ಜೆನೊಪಸ್ ಕಪ್ಪೆಯಲ್ಲೇ.

ಯಾಕೆ ಯಾವಾಗಲೂ ಆ ಕಪ್ಪೆ ಅಂದರೆ, ಹಾರ್ಮೋನ್ ಚುಚ್ಚಿದರೆ ವರ್ಷದ ಯಾವ ದಿನ ಬೇಕಾದರೂ ಮೊಟ್ಟೆ ಇಡುತ್ತದೆ. ಮಳೆಗೆ ಕಾಯಬೇಕಿಲ್ಲ. ಒಂದು ಕಾಲದಲ್ಲಿ ಹೆಂಗಸರ ಗರ್ಭಪರೀಕ್ಷೆಯನ್ನೂ ಇದೇ ಕಪ್ಪೆಯಿಂದ ಮಾಡುತ್ತಿದ್ದರು. ಮೂತ್ರವನ್ನು ಚುಚ್ಚಿದ ಮೇಲೆ ಕಪ್ಪೆ ಮೊಟ್ಟೆ ಇಟ್ಟರೆ ಗರ್ಭ ನಿಂತಿದೆ ಅಂತ ಅರ್ಥ.

ತೋಟದಮನೆ · ಸೋಮವಾರ, ಬೆಳಗ್ಗೆ 7:30

ಮಲಗಲಿಲ್ಲ! ರಾತ್ರಿ ಹತ್ತರ ಸುಮಾರಿಗೆ ಲೋಟದ ತಳದಿಂದ ಬಾಗು ಗೆರೆ ಕಂಡಿತು. ಮಗಳು "ನಗ್ತಾ ಇದೆ ಅಪ್ಪಾ" ಅಂದಳು. ಮಧ್ಯರಾತ್ರಿ ದಾಟಿದ ಮೇಲೆ ಅದು ಉಂಗುರ ಆಗಿತ್ತು, ನಡುವೆ ಬಿಳಿ ಬೊಟ್ಟು. ಮೇಷ್ಟ್ರು ಹೇಳಿದ ಹಾಗೆ ಥೇಟ್ ಹೋಳಿಗೆಯ ಬಾಯಿ.

ಬೆಳಗ್ಗೆ ನೋಡಿದರೆ ಬೊಟ್ಟು ಮಾಯ. ಚುಕ್ಕೆ ದುಂಡಗಿಲ್ಲ, ಸ್ವಲ್ಪ ಉದ್ದವಾಗಿದೆ. ಮೇಲೆ ಉದ್ದಕ್ಕೂ ಎರಡು ದಿಂಡು, ನಡುವೆ ಕಾಲುವೆ. ಒಂದು ತುದಿ ಅಗಲ, ಇನ್ನೊಂದು ಸಪೂರ. ಅಗಲದ ಕಡೆ ತಲೆ ಇರಬಹುದೇ?

ಬಯಾಲಜಿ ಮೇಷ್ಟ್ರು · ಸೋಮವಾರ, ಬೆಳಗ್ಗೆ 8:05

ಹೌದು. ಮಗಳಿಗೆ ಹೇಳಿ, ತಲೆ ಅಲ್ಲೇ. ಅಗಲದ ಕಡೆ ಮಿದುಳು, ಸಪೂರದ ಕಡೆ ಬೆನ್ನುಹುರಿ. ಆ ದಿಂಡುಗಳು ಎದ್ದು ನಡುವೆ ಕೂಡಿಕೊಂಡು ಕೊಳವೆಯಾಗುತ್ತವೆ, ಚರ್ಮದ ಕೆಳಗೆ ಮುಳುಗುತ್ತವೆ. ಇವತ್ತೇ ಆಗಬಹುದು.

ಸಿಸ್ಟರ್ · ಸೋಮವಾರ, ಮಧ್ಯಾಹ್ನ 1:40

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಈ ಚರ್ಚೆ ಓದುತ್ತಾ ಮೈ ಜುಮ್ಮೆಂದಿತು. ನಮ್ಮ ಮಗುವಿನಲ್ಲೂ ಇದೇ ಕೊಳವೆ, ಇದೇ ರೀತಿ ಕೂಡಿಕೊಳ್ಳಬೇಕು. ಅದು ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಮುಗಿದುಹೋಗುತ್ತದೆ. ಎಷ್ಟೋ ಹೆಂಗಸರಿಗೆ ಆ ಹೊತ್ತಿಗೆ ಬಸುರಿ ಅಂತಲೇ ಗೊತ್ತಿರುವುದಿಲ್ಲ. ಕೊಳವೆ ಕೆಳಗಡೆ ಕೂಡದೆ ಉಳಿದರೆ ಸ್ಪೈನಾ ಬೈಫಿಡಾ ಅನ್ನುವ ಬೆನ್ನಿನ ಹುಟ್ಟುದೋಷ. ಅಂಥ ಮಕ್ಕಳನ್ನು ಎತ್ತಿಕೊಂಡಿದ್ದೇನೆ. ಫೋಲಿಕ್ ಆಸಿಡ್ ಮಾತ್ರೆ ಇದನ್ನು ಬಹಳಷ್ಟು ತಡೆಯುತ್ತದೆ. ಆದರೆ ಗರ್ಭ ನಿಲ್ಲುವ ಮೊದಲೇ ಶುರುಮಾಡಬೇಕು. ಮೂರನೇ ತಿಂಗಳಿಗೆ ಬಂದು ಕೇಳಿದರೆ ಕೊಳವೆಯ ಕೆಲಸ ಮುಗಿದಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ದಯವಿಟ್ಟು ಇದನ್ನು ತಿಳಿಸಿ.

ಕೆರೆಏರಿ · ಸೋಮವಾರ, ರಾತ್ರಿ 8:15

ಸಿಸ್ಟರ್ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ.

ನನ್ನದು ಕಾಡಿನ ಕಡೆಯ ಮಾತು. ನಿಮ್ಮ ಸುತ್ತಲಿನ ಪಶ್ಚಿಮ ಘಟ್ಟದ ಕಪ್ಪೆಗಳೆಲ್ಲ ನೀರಲ್ಲೇ ಮೊಟ್ಟೆ ಇಡುವುದಿಲ್ಲ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಮರಿಗಳು ನೊರೆಯೊಳಗೆ ಬೆಳೆದು ಕೆಳಗಿನ ನೀರಿಗೆ ಉದುರುತ್ತವೆ. ಉತ್ತರ ಕನ್ನಡದ ಕಾಡಿನ ಕುಂಬಾರ ಕಪ್ಪೆಗೆ 2014ರಲ್ಲಿ ಹೆಸರು ಬಂತು. ಅದರ ಗಂಡು ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಕೆಗೆ ಮಣ್ಣು ಬಳಿದ ಹಾಗೆ. ಪೊದೆಗಪ್ಪೆಗಳದ್ದು ಇನ್ನೂ ಬೇರೆ. ಅವುಗಳಲ್ಲಿ ಈಜುವ ಗೊದಮೊಟ್ಟೆಯೇ ಇಲ್ಲ. ಮೊಟ್ಟೆಯಲ್ಲಿ ಯೋಕ್ ಜಾಸ್ತಿ. ಒಳಗೇ ಕಾಲು ಮೂಡಿ, ಉಗುರಿನ ಮೇಲೆ ಕೂರುವಷ್ಟು ಚಿಕ್ಕ ಕಪ್ಪೆಯಾಗಿಯೇ ಹೊರಬರುತ್ತದೆ. ಮಳೆ ಕೈಕೊಟ್ಟರೆ ಎಲೆಯ ಮೇಲಿನ ಆ ಮೊಟ್ಟೆಗಳು ಒಣಗಿಹೋಗುತ್ತವೆ. ಒಂದು ವರ್ಷ ಜೂನ್ ಪೂರ್ತಿ ಬಿಸಿಲಿತ್ತು. ಆಗ ಒಣಗಿದ ಮೊಟ್ಟೆಗಳನ್ನು ನೋಡಿ ಸಂಕಟವಾಗಿತ್ತು.

ತೋಟದಮನೆ · ಬುಧವಾರ, ಬೆಳಗ್ಗೆ 9:00

ಎಲ್ಲರಿಗೂ ತಡವಾಗಿ ಧನ್ಯವಾದ. ನಿನ್ನೆ ಬೆಳಗ್ಗೆ ಹೊತ್ತಿಗೆ ಚುಕ್ಕೆಗಳಿಗೆ ಬಾಲ ಮೊಳೆತಿತ್ತು. ಮಧ್ಯಾಹ್ನ ಮಗಳು ಶಾಲೆಯಿಂದ ಬಂದು ಲೂಪ್ ಹಿಡಿದಾಗ ಒಂದು ಲೋಳೆಯೊಳಗೇ ಕೊಸರಾಡಿತು. ಸಂಜೆಗೆ ಹೊರಬರಲು ಶುರು. ಬಂದವು ಈಜುವುದಿಲ್ಲ, ಲೋಳೆಗೇ ಜೋತುಬೀಳುತ್ತವೆ. ಬಾಯಿ ಬರುವ ಜಾಗದ ಕೆಳಗೆ ಅಂಟಿನ ಗ್ರಂಥಿ ಇರುತ್ತದೆ ಅಂತ ಮೇಷ್ಟ್ರು ಮೆಸೇಜ್ ಮಾಡಿದ ಮೇಲೆ ಅರ್ಥವಾಯಿತು.

ನಾವು ತಂದ ತುಂಡಿನಲ್ಲಿ 63 ಮೊಟ್ಟೆ ಇದ್ದವು. ಅದರಲ್ಲಿ ನಾಲ್ಕು ಮೊದಲ ದಿನದಿಂದಲೂ ಅಡ್ಡವಾಗಿಯೇ ನಿಂತಿದ್ದವು, ಗೀರು ಬೀಳಲೇ ಇಲ್ಲ. ಈಗ ಬೆಳ್ಳಗಾಗಿವೆ. ಮಗಳು ಭಾನುವಾರವೇ ಅವುಗಳ ಸ್ಥಾನವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಟ್ಟಿದ್ದಳು. ಹಿಲ್ಡೆ ಮ್ಯಾಂಗೋಲ್ಡ್ ಹೆಸರನ್ನು ಅದೇ ಪುಟದ ಮೇಲ್ಗಡೆ ಬರೆದುಕೊಂಡಿದ್ದಾಳೆ.

ಇವತ್ತು ಬೆಳಗ್ಗೆ ಬಟ್ಟಲು, ಲೋಟ ಎರಡನ್ನೂ ತೊಟ್ಟಿಗೆ ಬಗ್ಗಿಸಿದೆವು. ಮಳೆ ಹನಿಯುತ್ತಿತ್ತು. ಐದಾರು ಮರಿ ಬಟ್ಟಲಿನ ಗೋಡೆ ಬಿಡಲು ಒಪ್ಪಲಿಲ್ಲ. ನೀರು ಎರಚಿ ಎರಚಿ ಇಳಿಸಬೇಕಾಯಿತು.